ಕೈ ಕಟ್ಟಿ ಕೂರಲಿಲ್ಲ

ಮನೆಯಿಂದ,
ಸೆಪ್ಟೆಂಬರ್ ೮, ಭಾನುವಾರ

ಪ್ರೀತಿಯ ಗಿರಗಿಟ್ಲೆಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನತ್ತೆಯ ಮೊಣಕಾಲು ಮೊದಲಿನಂತೆಯೇ ಗೊಣಗುತ್ತದೆ, ಅವಳೂ ಮೊದಲಿನಂತೆಯೇ. ನೀನು ಹೇಗಿದ್ದೀಯ? ಹೊಸ ಕೋಣೆಗೆ ಬೆಳಕು ಬರುತ್ತದೆಯೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಅಥವಾ ಇಲ್ಲಿದ್ದಾಗಿನ ಹಾಗೆ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರೋ? ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬಯ್ಯಬೇಡ. ಬಯ್ಯಲೇಬೇಕಿದ್ದರೆ ಪೂರ್ತಿ ಓದಿದ ಮೇಲೆ ಬಯ್ಯಿ.

ನೀನು ಕೇಳಿದ್ದನ್ನೆಲ್ಲ ಕಳಿಸಿದ್ದೇನೆ. ನಿನ್ನ ಸರ್ಟಿಫಿಕೇಟುಗಳು, ನೀಲಿ ಕೋಟು, ಮಲ್ಟಿಮೀಟರ್, ಬೆಸುಗೆ ಕಡ್ಡಿ. ಬೆಸುಗೆ ಕಡ್ಡಿಯ ತುದಿ ಸವೆದಿತ್ತು, ಹೊಸದು ಹಾಕಿಸಿದ್ದೇನೆ. ಸವೆಸಿದವನು ನಾನೇ. ಕೊನೆಯ ಸಾಲಿನಲ್ಲಿ "ಆ ರೋಬಾಟ್ ಕೈಯನ್ನು ಎಸೆದುಬಿಡಿ" ಎಂದು ಬರೆದಿದ್ದೆಯಲ್ಲ, ಅದೊಂದನ್ನು ಮಾತ್ರ ಮಾಡಲಿಲ್ಲ. ಮಾಡುವುದೂ ಇಲ್ಲ. ಹಿರಿಯರ ಮಾತು ಕಿರಿಯರು ಕೇಳದಿದ್ದರೆ ತಪ್ಪು ಎನ್ನುತ್ತಾರೆ. ಕಿರಿಯರ ಮಾತು ಹಿರಿಯರು ಕೇಳದಿದ್ದರೆ ಅದಕ್ಕೆ ಹೆಸರೇ ಇಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ನಿನ್ನನ್ನು ವಾಪಸ್ ಕರೆಯುವ ಪತ್ರವಲ್ಲ. ಹೋದ ತಿಂಗಳು ನನ್ನ ದೊಡ್ಡಣ್ಣ ಬಂದಿದ್ದ. ಕುರ್ಚಿಯ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ, ಶುರು ಮಾಡಿದ: "ಹೊಂದಿಕೊಂಡು ಹೋಗಮ್ಮ ಅಂತ ಅವಳಿಗೆ ನಾಲ್ಕು ಸಾಲು ಬರಿ. ನಿನ್ನ ಮಾತು ಅಂದ್ರೆ ಅವಳಿಗೆ ಗೌರವ. ನೀನು ಬರೆದ್ರೆ ಬಂದೇ ಬರ್ತಾಳೆ."

ನಾನು ಹೇಳಿದೆ: "ಅಣ್ಣ, ಇಡೀ ಜೀವಮಾನ ಹಲ್ಲು ಕಟ್ಟಿದೀನಿ. ಕೂರದ ಹಲ್ಲಿನ ಸೆಟ್ಟನ್ನ 'ಹೊಂದಿಕೊಳ್ಳುತ್ತೆ ಹೋಗಿ' ಅಂತ ಬಾಯಿಗೆ ತುರುಕಿ ಕಳಿಸಿದ್ರೆ ಏನಾಗುತ್ತೆ ಗೊತ್ತಾ? ಹಲ್ಲಿಗೇನೂ ಆಗಲ್ಲ. ವಸಡು ಹುಣ್ಣಾಗುತ್ತೆ. ನೋವು ಯಾವಾಗಲೂ ವಸಡಿಗೇ."

ಅಣ್ಣ ಟೀ ಅರ್ಧಕ್ಕೇ ಬಿಟ್ಟು ಹೋದ. ನಿನ್ನತ್ತೆ ಆ ಅರ್ಧ ಟೀ ನನಗೇ ಕೊಟ್ಟಳು. "ಅಣ್ಣನ್ನ ಓಡಿಸಿದ್ರಲ್ಲ, ಕುಡೀರಿ" ಎಂದಳು.

ಈಗ ಕೈಯ ಕಥೆ. ಆ ಶನಿವಾರ ಸಂಜೆ ಏನಾಯಿತೆಂದು ನಿನಗೆ ಗೊತ್ತು, ಆದರೆ ನೀನು ಕಂಡದ್ದು ಅದರ ಬೂದಿಯನ್ನು ಮಾತ್ರ. ವಸ್ತು ಹಿಡಿಯುವ ಹಿಡಿಕೆಯ ಬೆರಳಿಗೆ ಸ್ಕ್ರೂ ತರಲು ನೀನು ಹೊರಗೆ ಹೋಗಿದ್ದೆ. ಹಿಡಿಕೆಯದು, ಮಣಿಕಟ್ಟಿನದು, ಕೀಲು ತಿರುಗಿಸುವ ಎರಡು ಸಣ್ಣ ಸರ್ವೋ ಮೋಟರುಗಳನ್ನು ಬಿಚ್ಚಿ ತಟ್ಟೆಯಲ್ಲಿ ಇಟ್ಟಿದ್ದೆ. ನಾನು ಮುಂದಿನ ಕೋಣೆಯಲ್ಲಿ ಯಾರದೋ ಮೇಲ್ದವಡೆಯ ಅಚ್ಚು ತುಂಬುತ್ತಿದ್ದೆ, ಮೊಣಕೈವರೆಗೂ ಪ್ಲಾಸ್ಟರ್. ನಿನ್ನ ಗಂಡ (ಹೀಗೆ ಬರೆದು ಹೊಡೆದುಹಾಕಿದ್ದೇನೆ ನೋಡು, ಇನ್ನು ಮುಂದೆ 'ನನ್ನ ಮಗ' ಎಂದು ಬರೆಯುತ್ತೇನೆ, ಆ ಹೊಣೆ ತಪ್ಪಿಸಿಕೊಳ್ಳಲು ನನಗೆ ಯಾವ ವಕೀಲನೂ ಸಹಾಯ ಮಾಡಲಾರ), ನನ್ನ ಮಗ ಆಫೀಸಿನ ಗೆಳೆಯರನ್ನು ಕರೆದುಕೊಂಡು ಬಂದ. "ಬನ್ನಿ ಬನ್ನಿ, ನಮ್ಮ ಮನೆಯವಳ ಆಟಿಕೆ ನೋಡಿ" ಎಂಬ ಮಾತು ನನಗೆ ಕೇಳಿಸಿತು. ನಿನ್ನ ಪವರ್ ಸಪ್ಲೈ ಎಲ್ಲಿದೆ ಎಂದು ಹುಡುಕುವ ತಾಳ್ಮೆ ಅವನಿಗಿರಲಿಲ್ಲ. ಸ್ಪೀಕರಿನ ಹನ್ನೆರಡು ವೋಲ್ಟಿನ ಅಡಾಪ್ಟರ್ ತಂದ, ಅದರ ಪಿನ್ನು ಸರಿಯಾಗಿ ಕೂತಿತು. ಪಿನ್ನು ಕೂತರೆ ಎಲ್ಲವೂ ಕೂತಂತೆ ಎಂಬುದು ಅವನ ಲೆಕ್ಕ, ಚಿಕ್ಕಂದಿನಿಂದಲೂ. ಕೈ ಒಮ್ಮೆ ಜೋರಾಗಿ ಎದ್ದು ನಿಂತಿತಂತೆ, ಗೆಳೆಯರು ಚಪ್ಪಾಳೆ ತಟ್ಟಿದರಂತೆ. ನಾನು ಪ್ಲಾಸ್ಟರ್ ಒರೆಸಿಕೊಂಡು ಬರುವಷ್ಟರಲ್ಲಿ ಹೊಗೆ.

ಆಮೇಲೆ ನೀನು ಬಂದೆ. "ಹೊಸದು ತಂದ್ಕೊಡ್ತೀನಿ ಬಿಡು, ಆಟದ ಸಾಮಾನು ತಾನೇ" ಎಂದು ಅವನು ನಕ್ಕ. ನೀನು ಹೋಗಿ ಕಿಟಕಿ ತೆರೆದೆ. ಬೆಳಿಗ್ಗೆ ಒಂದು ಚೀಲದೊಂದಿಗೆ ಹೊರಟುಹೋದೆ.

ಸುಟ್ಟ ತಂತಿಗಳನ್ನೆಲ್ಲ ಅವನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದ. ಬುಟ್ಟಿ ಹೊರಗಿಡಲು ಹೋದಾಗ ಕಂಡಿತು. ಒಂದು ತಂತಿಯ ಬಾಯಿಗೆ ನೀನು ಅಂಟಿಸಿದ್ದ ಚೀಟಿ: "ಆರು ವೋಲ್ಟ್ ಮಾತ್ರ. ನನ್ನನ್ನು ಕೇಳದೆ ಹಾಕಬೇಡಿ." ದುಂಡಗಿನ ಅಕ್ಷರ, ದೂರದಿಂದಲೂ ಓದಬಹುದು.

ಎರಡು ದಿನ ಅವನು ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಬಾಯಿಬಿಟ್ಟ: "ಒಂದು ಆಟದ ಸಾಮಾನಿಗೆ ಯಾರಾದ್ರೂ ಗಂಡನ್ನ ಬಿಟ್ಟು ಹೋಗ್ತಾರಾ ಅಪ್ಪ?"

"ಸಾಮಾನಿಗಲ್ಲ ಕಣೋ. ಈ ಚೀಟಿ ಓದಿದ್ಯಾ?"

"ಯಾವ ಚೀಟಿ?"

"ಅದಕ್ಕೇ ಹೋಗಿದ್ದು."

ಅವನಿಗೆ ಅರ್ಥವಾಗಲಿಲ್ಲ. ನಿನ್ನ ಸಂಜೆ ಕ್ಲಾಸಿಗೆ ಅವನು ನಕ್ಕಾಗ, ನಿನ್ನ ಕೆಲಸದ ಪತ್ರ ಬಂದಾಗ ಓದದೆ ಫ್ರಿಜ್ಜಿನ ಮೇಲಿಟ್ಟಾಗ, ಆಗಲೂ ಅವನಿಗೆ ಅರ್ಥವಾಗಿರಲಿಲ್ಲ. ನಿನ್ನದೆಲ್ಲವೂ ಅವನ ಕಣ್ಣ ಮುಂದೆಯೇ ಇತ್ತು. ಅವನು ಓದಲಿಲ್ಲ, ಅಷ್ಟೆ.

ಮರುವಾರ ಒಂದು ರಟ್ಟಿನ ಪೆಟ್ಟಿಗೆ ತಂದ. "ಜರುಗಿ ಅಪ್ಪ, ಊಟದ ಮೇಜು ಖಾಲಿ ಮಾಡ್ತೀನಿ. ಅಮ್ಮ ಎಷ್ಟು ದಿನ ಮೂಲೇಲಿ ಕೂತು ಊಟ ಮಾಡ್ಬೇಕು?"

ನಾನು ಆ ಕೈಯ ಮೇಲೆ ನನ್ನ ಕೈ ಇಟ್ಟೆ. "ಮುಟ್ಟಬೇಡ. ನಾನು ರಿಪೇರಿ ಮಾಡ್ತೀನಿ."

"ನಿಮಗೆ ಹಲ್ಲು ಕಟ್ಟೋದು ಗೊತ್ತು. ಇದರ ಬಗ್ಗೆ ಏನು ಗೊತ್ತು?"

"ಏನೂ ಗೊತ್ತಿಲ್ಲ. ಆದ್ರೆ ಕೈ ಕಟ್ಟಿ ಕೂರೋದಕ್ಕಿಂತ ಕೈ ಕಟ್ಟೋದು ವಾಸಿ."

ಅಡುಗೆಮನೆಯಲ್ಲಿ ನಿನ್ನತ್ತೆ ಕಿಸಕ್ಕೆಂದು ನಕ್ಕಳು. ಮೇಜಿಗಾಗಿ ದಿನವೂ ನಿನ್ನೊಡನೆ ಜಗಳವಾಡುತ್ತಿದ್ದ ಅದೇ ಅತ್ತೆ! ರಟ್ಟಿನ ಪೆಟ್ಟಿಗೆಯನ್ನು ಅವಳೇ ತೆಗೆದುಕೊಂಡು ಹೋಗಿ ಅದರಲ್ಲಿ ಈರುಳ್ಳಿ ತುಂಬಿಸಿದಳು.

ನಿಜ ಹೇಳಬೇಕೆಂದರೆ, ಆ ಮಾತು ಬಾಯಿಂದ ಬಂದಾಗ ನನಗೆ ಗೊತ್ತಿದ್ದದ್ದು ನೀನು ಟೀ ಕುಡಿಯುತ್ತ ಹೇಳಿಕೊಟ್ಟಿದ್ದಷ್ಟೇ. ಕೈಯನ್ನು ಆಡಿಸುವ ಬೋರ್ಡು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಮಿಡಿತ ಎಷ್ಟು ಉದ್ದವೋ ಮೋಟರು ಅಷ್ಟು ತಿರುಗಿ ಅಲ್ಲೇ ನಿಲ್ಲುತ್ತದೆ, ಆರು ಗುಂಡಿಗಳಲ್ಲಿ ಯಾವುದನ್ನು ತಿರುಗಿಸಿದರೆ ಅದರ ಕೀಲು ತಿರುಗುತ್ತದೆ ಎಂದು. ನೀನು ಬರೆದ ಪ್ರೋಗ್ರಾಂ ಬೋರ್ಡಿನೊಳಗೆ ಭದ್ರವಾಗಿತ್ತು. ಅದೊಂದಕ್ಕೆ ಏಟು ಬಿದ್ದಿರಲಿಲ್ಲ. ಸುಟ್ಟ ನಾಲ್ಕು ಮೋಟರುಗಳನ್ನು ಬಿಚ್ಚಿದೆ. ಒಳಗಿನ ಹಲ್ಲುಚಕ್ರಗಳು ಹೊಳೆಯುತ್ತಿದ್ದವು, ಒಂದು ಹಲ್ಲೂ ಮುರಿದಿರಲಿಲ್ಲ. (ಹಲ್ಲು ನೋಡುವುದರಲ್ಲಿ ನನ್ನನ್ನು ನಂಬು.) ಅವುಗಳಡಿಯಲ್ಲಿ ಉಗುರಿನಷ್ಟು ಪುಟ್ಟ ಸರ್ಕ್ಯೂಟ್ ಹಲಗೆ, ಅದು ಮಾತ್ರ ಸುಟ್ಟು ಕರಕಲು.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಂಗಡಿಯವಳನ್ನು ನೀನು ಗುಡುಗಮ್ಮ ಎಂದು ಕರೆಯುತ್ತಿದ್ದೆಯಲ್ಲ, ಅವಳ ಗಂಟಲು ಹಾಗೆಯೇ ಇದೆ. ಮೋಟರು ನೋಡುತ್ತಲೇ ಗುರುತು ಹಿಡಿದಳು. "ಇದು ಆ ಹುಡುಗೀದು. ಎಲ್ಲಿ ಅವಳು?"

"ಬೇರೆ ಊರಲ್ಲಿ ಕೆಲಸ ಸಿಕ್ಕಿದೆ."

"ಒಳ್ಳೇದಾಯ್ತು. ಮತ್ತೆ ನೀವ್ಯಾರು?"

"ಅವಳ ಮಾವ."

ಗುಡುಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಕಾಲು ಮುರಿದ ಕುರ್ಚಿಯನ್ನು ಇನ್ನೂ ಕೂರಲು ಬಂದೀತೇ ಎಂದು ನೋಡುವ ಹಾಗೆ. ಆಮೇಲೆ ನಾಲ್ಕು ಹೊಸ ಮೋಟರು ತೆಗೆದಿಟ್ಟಳು.

ಮನೆಗೆ ಬಂದು ಅವನ್ನೂ ತಟ್ಟೆಯಲ್ಲಿದ್ದ ಎರಡನ್ನೂ ಹುಮ್ಮಸ್ಸಿನಲ್ಲಿ ಜೋಡಿಸಿಬಿಟ್ಟೆ. ಮೋಟರಿನ ತಲೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಂಬನ್ನು ಹೇಗೆ ಬಂತೋ ಹಾಗೆ ಸಿಕ್ಕಿಸಿದೆ. ಬೋರ್ಡಿಗೆ ಕರೆಂಟು ಕೊಟ್ಟದ್ದೇ ತಡ, ಮೊಣಕೈ ಹಿಂದುಮುಂದಾಗಿ ಬೀಸಿ, ನೋಡಲು ಬಗ್ಗಿದ್ದ ನಿನ್ನತ್ತೆಯ ಕನ್ನಡಕವನ್ನು ಹಾರಿಸಿತು. "ನನ್ನ ಸೊಸೆ ಇದ್ದಾಗ ಇದು ಯಾರ ಮೇಲೂ ಕೈ ಎತ್ತಿರಲಿಲ್ಲ!" ಎಂದು ಅವಳು ಕೂಗಿದಳು. 'ನನ್ನ ಸೊಸೆ' ಎಂದಳು, ಗಮನಿಸು. ಕನ್ನಡಕ ಒಡೆಯಲಿಲ್ಲ. ಮೊದಲು ಮೋಟರನ್ನು ನಡುಮಧ್ಯಕ್ಕೆ ತಂದು ನಿಲ್ಲಿಸಬೇಕು, ಆಮೇಲೆ ಕೊಂಬು ಸಿಕ್ಕಿಸಬೇಕು ಎಂದು ಗುಡುಗಮ್ಮ ಹೇಳಿಕೊಟ್ಟಳು. "ಅವಳು ಹೇಳಿರ್ಲಿಲ್ವಾ?" ಎಂದಳು. ಹೇಳಿದ್ದೆಯೋ ಏನೋ. ಟೀ ಚೆನ್ನಾಗಿದ್ದಿರಬೇಕು.

ಇಷ್ಟು ಬರೆಯುವಾಗ ಬಾಗಿಲು ತಟ್ಟಿದರು, ಹಲ್ಲು ಕಟ್ಟಿಸಿಕೊಂಡವರು. ಉಳಿದದ್ದು ನಾಳೆ.

ಸೋಮವಾರ

ಬಂದವರು ಆ ದಪ್ಪ ಕಂಠದ ವಕೀಲರು. ಕೆಳಗಿನ ಸೆಟ್ಟು ಮಾತಾಡುವಾಗ ಎದ್ದು ಬರುತ್ತದಂತೆ. ಮಾತು ಕಡಿಮೆ ಮಾಡಿ ಎಂದೆ, ಸಿಟ್ಟಾದರು. ಇರಲಿ.

ಕೊಂಬು ಸರಿಯಾಯಿತು, ಆದರೆ ಕೈಗೆ ನಡುಕ ಶುರುವಾಯಿತು. ಒಂದು ಕೀಲು ತಿರುಗಿಸಿದರೆ ಸರಿ ಇರುತ್ತಿತ್ತು. ಎರಡು ಮೂರು ಒಟ್ಟಿಗೆ ತಿರುಗಿಸಿದರೆ ಗಡಗಡ ನಡುಗಿ, ಬೋರ್ಡಿನ ದೀಪ ಆರಿ, ಇಡೀ ಕೈ ಮೂರ್ಛೆ ಹೋದಂತೆ ಮೇಜಿನ ಮೇಲೆ ಬೀಳುತ್ತಿತ್ತು. ಮತ್ತೆ ತಾನಾಗಿಯೇ ಎಚ್ಚರಾಗುತ್ತಿತ್ತು, ಮತ್ತೆ ಬೀಳುತ್ತಿತ್ತು. ನನ್ನ ಮಗ ಆಫೀಸಿಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ನೋಡಿ, "ಸಾಕು ಬಿಡಿ ಅಪ್ಪ, ಸತ್ತಿದ್ದನ್ನ ಎಷ್ಟು ಸಲ ಎಬ್ಬಿಸ್ತೀರಾ" ಎನ್ನುತ್ತಿದ್ದ. ಅವನು ಹಾಗೆಂದ ದಿನವೆಲ್ಲ ನಾನು ಇನ್ನೊಂದು ಗಂಟೆ ಹೆಚ್ಚು ಕೂರುತ್ತಿದ್ದೆ.

ರೋಗ ಕಂಡುಹಿಡಿದದ್ದು ನಿನ್ನತ್ತೆ. ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು: "ರೀ, ನಾನು ಇಸ್ತ್ರಿಪೆಟ್ಟಿಗೆ ಹಾಕಿದಾಗ ಈ ದೀಪ ಮಂಕಾಗುತ್ತಲ್ಲಾ, ಅದೇ ಕಾಯಿಲೆ ಅದಕ್ಕೂ. ಆ ಬಡಪಾಯಿ ಬೋರ್ಡು ಒಂದೇ ಆರು ಜನಕ್ಕೂ ಊಟ ಹಾಕ್ತಿದೆ ಅಂತ ಕಾಣುತ್ತೆ."

ಹಾಗೆಯೇ ಆಗಿತ್ತು. ಬೋರ್ಡಿನಲ್ಲಿ ತೂತುಗಳಿವೆ ಎಂದು ಆರು ಮೋಟರುಗಳ ಕೆಂಪು ತಂತಿಗಳನ್ನೂ ಅದಕ್ಕೇ ಸಿಕ್ಕಿಸಿದ್ದೆ, ಬೋರ್ಡಿಗೆ ಕಂಪ್ಯೂಟರಿನ ಸಣ್ಣ ತಂತಿಯಿಂದ ಕರೆಂಟು. ಗುಡುಗಮ್ಮನಿಗೆ ಹೇಳಿದರೆ ಇಡೀ ಗಲ್ಲಿಗೆ ಕೇಳುವಂತೆ ನಕ್ಕಳು. "ಬೋರ್ಡು ಇರೋದು ಅಪ್ಪಣೆ ಕೊಡೋಕೆ, ಅನ್ನ ಹಾಕೋಕಲ್ಲ! ಮೋಟರ್‌ಗಳಿಗೆ ಬೇರೆ ಸಪ್ಲೈ ಕೊಡಿ. ಅವಳು ನನ್ನ ಹತ್ತಿರಾನೇ ತಗೊಂಡು ಹೋಗಿದ್ಲಲ್ಲ, ದೊಡ್ಡದು, ಮನೇಲಿ ಹುಡುಕಿ." ಹುಡುಕಿದೆವು. ಕಪಾಟಿನಲ್ಲಿ ಕಂಬಳಿಗಳ ಹಿಂದೆ ಇಟ್ಟಿದ್ದೆಯಲ್ಲ ಮಹರಾಯ್ತಿ, ಚಿನ್ನ ಇಟ್ಟ ಹಾಗೆ!

ಬೇರೆ ಸಪ್ಲೈ ಕೊಟ್ಟೆ. ಈಗ ಇನ್ನೊಂದು ಅವತಾರ. ಕೈಗೆ ದೆವ್ವ ಹೊಕ್ಕಿತು. ಗುಂಡಿ ಮುಟ್ಟದಿದ್ದರೂ ಕುಣಿಯುತ್ತದೆ, ಭುಜ ತಿರುಗಿಸು ಎಂದರೆ ಮಣಿಕಟ್ಟು ಅಲುಗುತ್ತದೆ. ಮತ್ತೆ ಗಲ್ಲಿಗೆ ಓಡಿದೆ.

"ಎರಡರ ಗ್ರೌಂಡೂ ಸೇರಿಸಿದ್ರಾ?"

"ಇಲ್ಲ. ಬೇರೆ ಬೇರೆ ಮಾಡಿ ಅಂದ್ರಲ್ಲ ನೀವು."

"ಅನ್ನ ಬೇರೆ ಅಂದೆ, ನೆಲ ಬೇರೆ ಅಂದ್ನಾ? ನೀವು ಮಾಳಿಗೆ ಮೇಲೆ ನಿಂತಿದೀರಾ, ನಾನು ಬಾವಿ ಒಳಗಿದೀನಿ ಅಂದ್ಕೊಳ್ಳಿ. ಅಲ್ಲಿಂದ 'ಒಂದು ಮೊಳ ಮೇಲೆತ್ತು' ಅಂತೀರಾ. ಎಲ್ಲಿಂದ ಒಂದು ಮೊಳ? ಇಬ್ಬರೂ ಒಂದೇ ನೆಲದಿಂದ ಅಳೀಬೇಕು. ಬೋರ್ಡಿನ ಗ್ರೌಂಡಿಂದ ಸಪ್ಲೈ ಗ್ರೌಂಡಿಗೆ ಒಂದು ತಂತಿ ಎಳೀರಿ. ಹಾಗೇ ಸಪ್ಲೈ ಬಾಯಿಗೆ ಈ ದಪ್ಪ ಕೆಪಾಸಿಟರ್ ಹಾಕಿ. ಮೋಟರ್‌ಗಳು ಒಟ್ಟಿಗೆ ಬಾಯಿ ತೆರೆದಾಗ ಇದು ತುತ್ತು ಕೊಡುತ್ತೆ. ಕಾಲು ಅದಲು ಬದಲು ಮಾಡಿದ್ರೆ ಸಿಡಿಯುತ್ತೆ, ಹುಷಾರ್."

ಒಂದು ಗೇಣು ಕಪ್ಪು ತಂತಿ. ಅಷ್ಟೇ ಬೇಕಾಗಿದ್ದದ್ದು. ಬೆಸುಗೆ ಹಾಕಿ ಸ್ವಿಚ್ಚು ಒತ್ತಿದೆ. ಕೈ ಎದ್ದಿತು. ಅಲುಗಲಿಲ್ಲ. ಸಣ್ಣಗೆ ಗುಂಯ್‌ಗುಟ್ಟುತ್ತ, ಯಾರಾದರೂ ಏನಾದರೂ ಹೇಳಲಿ ಎಂದು ಕಾಯುವವರಂತೆ ನಿಂತಿತು. ಭುಜದ ಗುಂಡಿ ತಿರುಗಿಸಿದೆ, ಭುಜ ಮಾತ್ರ ತಿರುಗಿತು. ಗಿರಗಿಟ್ಲೆ, ನಾನು ಕಟ್ಟಿದ ಹಲ್ಲಿನಿಂದ ಜನ ಮೊದಲ ತುತ್ತು ಅಗಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಮುಖದಲ್ಲಿ ಒಂದು ಆಶ್ಚರ್ಯ ಬರುತ್ತದೆ. ಅವತ್ತು ಅದು ನನ್ನ ಮುಖದಲ್ಲಿ ಬಂದಿತ್ತಂತೆ. ನಿನ್ನತ್ತೆ ಹೇಳಿದಳು.

ಹಿಡಿಕೆಯ ಬೆರಳುಗಳು ನೀನು ಬಿಚ್ಚಿಟ್ಟ ತಟ್ಟೆಯಲ್ಲೇ ಇದ್ದವು. ಹಿಡಿದದ್ದು ಜಾರುತ್ತದೆ ಎಂದು ನೀನು ಪೇಚಾಡುತ್ತಿದ್ದೆಯಲ್ಲ. ವಸಡು ನೋಯುವವರ ಹಲ್ಲಿನ ಸೆಟ್ಟಿಗೆ ಒಳಗಡೆ ಒಂದು ಮೆತ್ತನೆಯ ಪದರ ಹಾಕುತ್ತೇವೆ. ಅದನ್ನೇ ಎರಡು ಬೆರಳಿಗೂ ಹಾಕಿ ಉಜ್ಜಿ ನಯ ಮಾಡಿದೆ. ಇಡೀ ಕೈಯಲ್ಲಿ ನನ್ನದು ಎಂಬುದು ಅಷ್ಟೇ. ಉಳಿದದ್ದೆಲ್ಲ ನಿನ್ನದು.

ಆ ಹೊತ್ತಿಗೆ ಬಡಾವಣೆಯ ಗ್ರಂಥಾಲಯದ ಸಭಾಂಗಣದಲ್ಲಿ ಹವ್ಯಾಸಿಗಳ ಪ್ರದರ್ಶನ ಎಂದು ಗೋಡೆಗೆ ಕಾಗದ ಹಚ್ಚಿದರು. ನಾನು ಹೋಗಿ ಜಾಗ ಕೇಳಿದೆ. ಉಸ್ತುವಾರಿಗೆ ಒಬ್ಬ ನಿವೃತ್ತ ಮೇಷ್ಟ್ರು. ಮೇಜಿನ ಮುಂದೆ ಇಡುವ ಚೀಟಿಗೆ ವಿವರ ಕೇಳುತ್ತ, "ಇದರ ಉಪಯೋಗ?" ಎಂದರು.

"ಸುಮ್ಮನೆ" ಎಂದೆ.

"ಸುಮ್ಮನೆ ಅಂದ್ರೆ? ಅಂಗವಿಕಲರಿಗೆ, ಕಾರ್ಖಾನೆಗೆ, ಹೀಗೆ ಏನಾದರೂ..."

"ಇಲ್ಲ ಸಾರ್. ಇದು ಆಡುತ್ತೆ. ಅದಕ್ಕೇ ನಮ್ಮ ಸೊಸೆ ಮಾಡಿದ್ದು."

"ಉಪಯೋಗ ಇಲ್ಲದ್ದನ್ನ ಯಾಕೆ ಇಡ್ಬೇಕು ಅಂತ ಜನ ಕೇಳಲ್ವಾ?"

ನಿನ್ನತ್ತೆ ನನ್ನ ಹಿಂದಿನಿಂದ ಮುಂದೆ ಬಂದಳು. "ಸಾರ್, ನಮಗಿಂತ ಮುಂಚೆ ಒಬ್ಬರು ಬೆಂಕಿಕಡ್ಡಿ ಅರಮನೆಗೆ ಜಾಗ ಕೇಳಿದ್ರಲ್ಲ, ಅದರೊಳಗೆ ಯಾರು ಬಾಡಿಗೆಗೆ ಇರ್ತಾರೆ ಅಂತ ಕೇಳಿದ್ರಾ? ಹುಡುಗಿ ಕಟ್ಟಿದ್ದು ಅಂದ ತಕ್ಷಣ ಉಪಯೋಗ ಬೇಕಾ?"

ಮೇಷ್ಟ್ರು ಚೀಟಿಯಲ್ಲಿ 'ಉಪಯೋಗ: ಸುಮ್ಮನೆ' ಎಂದು ಬರೆದರು. ಕಟ್ಟಿದವರು ಎಂಬಲ್ಲಿ ನಾನೇ ಬರೆದೆ, ನಿನ್ನ ಪೂರ್ತಿ ಹೆಸರು, ಮದುವೆಗೆ ಮುಂಚಿನದು.

ಪ್ರದರ್ಶನದ ದಿನ ನೀರಿನ ಲೋಟದೊಳಗೆ ಒಂದು ಹಲ್ಲಿನ ಸೆಟ್ಟು ಇಟ್ಟೆ. ಕೈ ಅದನ್ನು ಎತ್ತಿ ಪಕ್ಕದ ಡಬ್ಬಿಯಲ್ಲಿ ಇಡಬೇಕು. ಗುಂಡಿಗಳ ಮುಂದೆ ನಿನ್ನತ್ತೆ ಕೂತಳು. "ನಿಮ್ಮ ಬೆರಳು ದಪ್ಪ, ಸರೀರಿ" ಎಂದು ನನ್ನನ್ನು ಎಬ್ಬಿಸಿದ್ದಳು. ಮೊದಲ ಸಲ ಎತ್ತಿದಾಗಲೇ ಜನ ಸೇರಿದರು. ನಾಲ್ಕನೆಯ ಸಲ ಕೈ ಪೂರ್ತಿ ಮುಂದೆ ಚಾಚಿ ನಿಂತಾಗ ಭುಜದ ಮೋಟರು ಗೊಂಯ್ ಎಂದು ನರಳತೊಡಗಿತು, ಮುಟ್ಟಿದರೆ ಸುಡುತ್ತಿತ್ತು. ಇನ್ನೊಮ್ಮೆ ಹೊಗೆ ನೋಡುವ ಶಕ್ತಿ ನನಗಿರಲಿಲ್ಲ. ಸ್ವಿಚ್ಚಿಗೆ ಕೈ ಹಾಕಿದೆ. ನಿನ್ನತ್ತೆ ನನ್ನ ಕೈ ತಳ್ಳಿ, ಮೊಣಕೈ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ಕೈಯನ್ನು ಒಳಗೆ ಮಡಚಿದಳು. ನರಳುವುದು ನಿಂತಿತು. "ತುಂಬಿದ ಬಕೆಟ್ಟನ್ನ ಯಾರಾದ್ರೂ ಕೈ ಚಾಚಿ ಎತ್ತುತ್ತಾರಾ? ಮೈಗೆ ಹತ್ತಿರ ಹಿಡಿದು ಎತ್ತಬೇಕು" ಎಂದಳು, ಅಲ್ಲಿದ್ದವರಿಗೆಲ್ಲ ಪಾಠದ ಹಾಗೆ.

ಅಷ್ಟರಲ್ಲಿ ನನ್ನ ಹಳೆಯ ಗಿರಾಕಿ ಒಬ್ಬ ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದು, ತನ್ನ ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಮೇಜಿನ ಮೇಲಿಟ್ಟು, "ಇಗನ್ನೂ ಎಕ್ಕಲಿ ನೋಗೋಣ" ಎಂದು ಬೊಚ್ಚುಬಾಯಲ್ಲಿ ಹೇಳಿದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕೈ ಅದನ್ನೂ ಎತ್ತಿತು. ಗೀರು ಬೀಳಲಿಲ್ಲ, ಜಾರಲಿಲ್ಲ. ಅಜ್ಜಿ ತೊಳೆದು ಹಾಕಿಕೊಂಡು, "ಯಾರಮ್ಮ ಇದನ್ನ ಮಾಡಿದ್ದು?" ಎಂದಳು. ಚೀಟಿ ತೋರಿಸಿದೆ. ಅಜ್ಜಿ ನಿನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಗಿಡಕ್ಕೆ ತಾನೇ ನೀರು ಹಾಕುವ ಯಂತ್ರಕ್ಕೆ ಬಹುಮಾನ ಬಂತು. ನಮಗೆ ಏನೂ ಬರಲಿಲ್ಲ. ಆದರೆ ಆ ಯಂತ್ರ ತಂದಿದ್ದವನೂ ನಮ್ಮ ಮೇಜಿನ ಹತ್ತಿರವೇ ಇದ್ದ.

ಜನ ಕರಗಿದ ಮೇಲೆ ನನ್ನ ಮಗ ಬಂದ. ಗೆಳೆಯ ಯಾರೋ ಫೋಟೋ ಕಳಿಸಿದ್ದನಂತೆ. ಚೀಟಿ ನೋಡಿ ಮುಖ ಕೆಂಪಾಯಿತು. "ಅವಳ ಹೆಸರು ಯಾಕೆ ಹಾಕಿದ್ರಿ? ನಾಳೆ ಆಫೀಸಲ್ಲಿ ಎಲ್ಲರೂ ಕೇಳ್ತಾರೆ, ಹೆಂಡತಿ ಎಲ್ಲಿ ಅಂತ."

"ಕೇಳ್ಲಿ. ನಿಜ ಹೇಳು."

"ಆ ಹೆಸರು ಕೀಳ್ತೀರೋ ಇಲ್ವೋ?"

"ಇಲ್ಲ."

ಮನೆಗೆ ಬಂದ ಮೇಲೆ ಕೊನೆಯ ಬಾಣ ಬಿಟ್ಟ. "ಈ ಮನೇಲಿ ನಾನಿರ್ಬೇಕೋ, ಆ ಕೈ ಇರ್ಬೇಕೋ, ಹೇಳಿ."

ನಾನು ಕೂಗಲಿಲ್ಲ. "ನಿನಗೆ ಸಂಬಳ ಇದೆ, ಬಾಡಿಗೆ ಮನೆ ಸಿಗುತ್ತೆ. ಆ ಕೈಗೆ ಯಾರು ಮನೆ ಕೊಡ್ತಾರೆ?" ಎಂದೆ.

ಅವನು ಹೋದ. ದೂರವೇನಲ್ಲ, ಎರಡು ಬೀದಿ ಆಚೆ. ಅವತ್ತು ನಿನ್ನತ್ತೆ ಅವನ ಅಂಗಿಗಳನ್ನು ಮಡಚುತ್ತ ಅತ್ತಳು. "ನೀವು ತಡೀಬಹುದಿತ್ತು" ಎಂದಳು. ತಡೆಯಬಹುದಿತ್ತು. ತಡೆಯುವುದೆಂದರೆ ಆ ಚೀಟಿಯಿಂದ ನಿನ್ನ ಹೆಸರು ಕೀಳುವುದು ಎಂದಾಗಿತ್ತು. ಅವಳಿಗೂ ಗೊತ್ತು. ಅಂಗಿಗಳ ಮೇಲೆ ಇಸ್ತ್ರಿಪೆಟ್ಟಿಗೆಯನ್ನೂ ಇಟ್ಟು, "ತಾನೇ ಮಾಡ್ಕೊಳ್ಳೋದು ಕಲೀಲಿ" ಎಂದು ಕಣ್ಣೊರೆಸಿಕೊಂಡಳು. ಈಗ ಅವಳ ಸೀರೆ ಸುಕ್ಕಾಗಿಯೇ ಇರುತ್ತದೆ, ಕೇಳಿದರೆ ಹೊಸ ಫ್ಯಾಷನ್ ಎನ್ನುತ್ತಾಳೆ.

ಭಾನುವಾರ ಊಟಕ್ಕೆ ಬರುತ್ತಾನೆ. ಮಾತು ಕಡಿಮೆ. ನಿನ್ನೆ ಕೈ ತೊಳೆದುಕೊಂಡು ಬಂದವನು ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತ. ಗುಂಡಿಯ ಕಡೆ ಬೆರಳು ಒಯ್ದು, ಹಾಗೇ ನಿಲ್ಲಿಸಿ, "ಮುಟ್ಟಲಾ ಅಪ್ಪ?" ಎಂದ. ಇದನ್ನು ನಿನಗೆ ಆಸೆ ಹುಟ್ಟಿಸಲು ಬರೆಯುತ್ತಿಲ್ಲ. ನಡೆದದ್ದನ್ನು ಬರೆದೆ. ತಡವಾಗಿ ಕಲಿತದ್ದು ಕಲಿತವನಿಗೆ ಒಳ್ಳೆಯದು. ಅದರಿಂದ 'ನಿನಗೆ' ಏನೂ ವಾಪಸ್ ಬರುವುದಿಲ್ಲ. ಯಾರಾದರೂ ನಿನ್ನ ಹತ್ತಿರ ಬಂದು "ಅವನು ಬದಲಾಗಿದ್ದಾನೆ, ಹೋಗಮ್ಮ" ಎಂದರೆ, ನನ್ನ ಮಾವ ಬೇಡ ಎಂದು ಬರೆದಿದ್ದಾರೆ ಎಂದು ಈ ಪತ್ರ ತೋರಿಸು. ನಿನಗೆ ಹೋಗಬೇಕೆನ್ನಿಸಿದರೆ ಅದು ಬೇರೆ. ಅದನ್ನು ನೀನು ಯಾರನ್ನೂ ಕೇಳಬೇಕಾಗಿಲ್ಲ, ನನ್ನನ್ನೂ.

ಕೈ ನಿನ್ನದು. ನಿನ್ನ ಕೋಣೆಯಲ್ಲಿ ಒಂದು ಗಟ್ಟಿ ಮೇಜು ಬಂದ ದಿನ ತಿಳಿಸು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ನಾನೇ ತರುತ್ತೇನೆ. ಬೇಡವೆಂದರೂ ಎಸೆಯುವುದಿಲ್ಲ. ಊಟದ ಮೇಜಿನ ಮೇಲೆ ಅದರ ಪಾಡಿಗೆ ಅದು ಇರುತ್ತದೆ. ನಿನ್ನತ್ತೆ ಈಗ ಅದರಿಂದ ಉಪ್ಪಿನ ಡಬ್ಬಿ ತೆಗೆಸಿಕೊಳ್ಳುತ್ತಾಳೆ. ಅರ್ಧ ಉಪ್ಪು ಮೇಜಿನ ಮೇಲೆ, ಇನ್ನರ್ಧ ನನ್ನ ಮೇಲೆ.

ನಿನ್ನ ಕೈಗೆ ಸದಾ ಇಷ್ಟದ ಕೆಲಸ ಸಿಗಲಿ. ನೀನು ಬರೆದದ್ದನ್ನು ಓದುವವರು ನಿನ್ನ ಸುತ್ತ ಇರಲಿ. ಇಲ್ಲದಿದ್ದರೆ ಇನ್ನೂ ದಪ್ಪ ಅಕ್ಷರದಲ್ಲಿ ಬರೆ, ಸಣ್ಣದಾಗಿ ಮಾತ್ರ ಬರೆಯಬೇಡ. ಆರೋಗ್ಯ ನೋಡಿಕೋ. ನಿನ್ನತ್ತೆಯೂ ಹರಸಿದ್ದಾಳೆ, ಜೊತೆಗೆ ತಲೆಗೆ ಎಣ್ಣೆ ಹಚ್ಚಿಕೋ ಎಂದಿದ್ದಾಳೆ.

ಇತಿ,
ನಿನ್ನ ಮಾವ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಪತ್ರ 'ಮಾನ್ಯರೇ' ಎಂದು ಶುರುವಾಗಿತ್ತು. ನಿನ್ನ ವಕೀಲರು ಹಾಗೆ ಬರೆಯಲು ಹೇಳಿರಬಹುದು, ಅಥವಾ ಬೇರೆ ಏನು ಬರೆಯಬೇಕೋ ನಿನಗೂ ತೋಚದೆ ಹೋಗಿರಬಹುದು. ನಿನ್ನತ್ತೆಗೆ ಆಗ ಕನ್ನಡಕ ಕೈಗೆ ಸಿಗಲಿಲ್ಲವಾದ್ದರಿಂದ ನಾನೇ ಓದಿ ಹೇಳಿದೆ. 'ಮಾವ' ಎಂದೇ ಓದಿದೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಉತ್ತರ ಬರೆಯಲು ಕೂತಾಗಲೆಲ್ಲ ಆ ಒಂದು ಪದ ಕಣ್ಣಿಗೆ ಬಿದ್ದು ಪೆನ್ನು ಮುಚ್ಚಿಡುತ್ತಿದ್ದೆ. ಮದುವೆ ಮುರಿದ ಮೇಲೆ ಸೊಸೆಗೆ ಮಾವ ಏನಾಗುತ್ತಾನೆ ಎಂದು ಯಾರನ್ನು ಕೇಳಲಿ? ಬೇರೆ ಪದವಿದ್ದರೆ ಹಾಗೇ ಕರೆ, 'ಹಲ್ಲಿನವರೇ' ಎಂದರೂ ಓಗೊಡುತ್ತೇನೆ, ಮಾನ್ಯರೇ ಮಾತ್ರ ಬೇಡ. ಬಿಡುಗಡೆ ಪಡೆಯುತ್ತಿರುವವರು ನೀವಿಬ್ಬರು. ಪಡೆಯಿರಿ, ಅದು ನಿಮ್ಮ ಹಕ್ಕು. ಆ ಕಾಗದಕ್ಕೆ ನನ್ನ ಸಹಿ ಯಾರೂ ಕೇಳಿಲ್ಲ. ಕೇಳಿದರೂ ಹಾಕುವುದಿಲ್ಲ.